ಇಸ್ತ್ರಿ ಅಜ್ಜಿ ಕೂರುವವಳಲ್ಲ

ನಮ್ಮ ಅಜ್ಜಿಗೆ ತೊಂಬತ್ತೇಳು ತುಂಬಿದ ಮೇಲೆ ಬೀದಿಯಲ್ಲಿ ಎದುರಾದವರೆಲ್ಲ ನನ್ನನ್ನು ಕೇಳುತ್ತಿದ್ದದ್ದು ಒಂದೇ ಮಾತು: "ಅಜ್ಜಿ ಹೇಗಿದ್ದಾರೆ?" ದನಿ ತಗ್ಗಿಸಿ, ಮುಖದಲ್ಲಿ ಆಗಲೇ ಅರ್ಧ ಸಂತಾಪ ಇಟ್ಟುಕೊಂಡು ಕೇಳುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. "ಅಂಗಡೀಲೇ ಇದ್ದಾರೆ, ನಿಮ್ಮ ಶರ್ಟಿಗೇ ಇಸ್ತ್ರಿ ಹಾಕ್ತಿದ್ದಾರೆ, ಬಂದು ತಗೊಂಡು ಹೋಗಿ" ಎಂದು ಮುಂದೆ ಹೋಗುತ್ತಿದ್ದೆ.

ಅದು ಸುಳ್ಳೇನೂ ಅಲ್ಲ. ನಮ್ಮದು ಬೀದಿಯ ಮೂಲೆಯ ಲಾಂಡ್ರಿ. ಮುಂದೆ ಅಂಗಡಿ, ಹಿಂದೆ ಎರಡು ಕೋಣೆಯ ಮನೆ. ಅಲ್ಲಿ ಇರುವವರು ನಾವಿಬ್ಬರೇ, ಅವಳು ಮತ್ತು ಅವಳ ಮಗಳ ಮಗಳಾದ ನಾನು. ಒಗೆಯುವ ಯಂತ್ರಗಳು, ಹೊದಿಕೆ, ಪರದೆ, ಗಿರಾಕಿಗಳ ಜಗಳ ಇವೆಲ್ಲ ನನ್ನ ಪಾಲು. ಶರ್ಟುಗಳು ಮಾತ್ರ ಅವಳವು. ಬೆಳಿಗ್ಗೆ ಮುಖ ತೊಳೆದು, ಗೋಡೆ ಹಿಡಿದುಕೊಂಡು ಮುಂದಿನ ಕೋಣೆಗೆ ಬಂದು, ಕಂಬಳಿ ಹಾಸಿದ ಮೇಜಿನ ಮುಂದೆ ನಿಂತಳೆಂದರೆ ಗೋಡೆಯ ನೆನಪೂ ಅವಳಿಗಿರುತ್ತಿರಲಿಲ್ಲ. ಮೊದಲು ಕಾಲರ್, ಆಮೇಲೆ ಭುಜ, ಆಮೇಲೆ ತೋಳು. ನೀರು ಚಿಮುಕಿಸಿ, ಬಟ್ಟೆ ಅದನ್ನು ಕುಡಿಯುವವರೆಗೆ ಕಾದು, ಆಮೇಲೆ ಇಸ್ತ್ರಿಪೆಟ್ಟಿಗೆ ಇಡುತ್ತಿದ್ದಳು. ಒಂದು ಗಂಟೆಗೆ ನಾಲ್ಕೋ ಐದೋ ಶರ್ಟು. ನಾನು ಅಷ್ಟರಲ್ಲಿ ಇಪ್ಪತ್ತು ಮುಗಿಸುತ್ತೇನೆ. ಆದರೂ ಕೆಲವು ಗಿರಾಕಿಗಳು ನನ್ನ ಕೈಗೆ ಶರ್ಟು ಕೊಡುವಾಗ "ಇದನ್ನ ಅಜ್ಜಿ ಹತ್ರ ಕೊಡಿ" ಎನ್ನುತ್ತಿದ್ದರು. ಆ ಮಾತಿಗೂ ನನಗೆ ಉರಿಯುತ್ತಿತ್ತು ಎನ್ನುವುದನ್ನು ಮುಚ್ಚಿಡುವುದಿಲ್ಲ.

ಅವಳು ಈ ಅಂಗಡಿಗೆ ಸೊಸೆಯಾಗಿ ಬಂದಾಗ ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬುತ್ತಿದ್ದರು. ಮಾವ, ಅಂದರೆ ಅವಳ ಮಗ, ಹುಟ್ಟಿ ಎರಡು ವರ್ಷಕ್ಕೆ ನನ್ನ ಅಮ್ಮ ಹುಟ್ಟಿದಳು. ಅದರ ಮರುವರ್ಷ ಅಜ್ಜ ತೀರಿಕೊಂಡ. ಒಂದು ಕಡೆ ಕೆಂಡ, ಇನ್ನೊಂದು ಕಡೆ ಎರಡು ಕೂಸು. ಮಕ್ಕಳು ಸುಟ್ಟುಕೊಳ್ಳದಿರಲಿ ಎಂದು ಮೇಜನ್ನು ಎತ್ತರ ಮಾಡಿಸಿದಳಂತೆ. ಅಂದಿನಿಂದ ನಿಂತೇ ಕೆಲಸ. ಕೂತರೆ ಭಾರವೆಲ್ಲ ಕುರ್ಚಿಗೆ ಹೋಗುತ್ತದೆ, ನಿಂತರೆ ಅದು ತೋಳಿನಿಂದ ಬಟ್ಟೆಗೆ ಇಳಿಯುತ್ತದೆ ಎಂಬುದು ಅವಳ ವಾದ. ಮೈಯಲ್ಲಿ ಭಾರವೇ ಉಳಿಯದ ಮೇಲೂ ವಾದ ಬದಲಾಗಲಿಲ್ಲ.

ಮನೆಯವರು ಅವಳ ವಯಸ್ಸಿಗೆ ಹೊಂದಿಕೊಂಡಿದ್ದರು, ಅವಳು ಮಾತ್ರ ಹೊಂದಿಕೊಂಡಿರಲಿಲ್ಲ. ಎರಡು ಬೀದಿ ಆಚೆ ಇರುವ ಮಾವನ ಹೆಂಡತಿ, ನನ್ನ ಅತ್ತೆ, ಅಜ್ಜಿಗೆ ಏನು ತಂದರೂ ಚಿಕ್ಕದೇ ತರುತ್ತಿದ್ದಳು. ಚಿಕ್ಕ ಪೌಡರ್ ಡಬ್ಬಿ, ಚಿಕ್ಕ ಎಣ್ಣೆ ಬಾಟಲಿ. ದೊಡ್ಡದು ತಂದರೆ ಅರ್ಧ ಉಳಿದುಬಿಟ್ಟರೆ ಎಂಬ ಯೋಚನೆ. ಒಮ್ಮೆ ಅಜ್ಜಿ ಆ ಡಬ್ಬಿಯನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿ, "ಮುಂದಿನ ಸಲ ದೊಡ್ಡದು ತಾ ಮಗಳೇ. ಮುಗಿಸೋ ಜವಾಬ್ದಾರಿ ನಂದು" ಅಂದಳು. ಅತ್ತೆ ನಕ್ಕಳು. ಮುಂದಿನ ಸಲವೂ ಚಿಕ್ಕದೇ ಬಂತು.

ಇದೆಲ್ಲ ತಮಾಷೆಯಲ್ಲೇ ಹೋಗುತ್ತಿತ್ತು. ತಮಾಷೆಯಾಗದೆ ಹೋದ ಮಾತು ಒಂದಿದೆ. ನನ್ನ ಅಮ್ಮ ಎಂಟು ವರ್ಷದ ಹಿಂದೆ ಹೊಟ್ಟೆಯ ಆಪರೇಷನ್ನಿಗೆ ಹೋದವಳು ತಿರುಗಿ ಬರಲಿಲ್ಲ. ಅದಾಗಿ ಕೆಲವು ತಿಂಗಳಿಗೆ ಎದುರುಮನೆಯಾಕೆ, ಬಟ್ಟೆ ಕೊಡಲು ಬಂದವಳು, ಪಕ್ಕದವಳ ಕಿವಿಯಲ್ಲಿ ಅಂಗಡಿಗೆಲ್ಲ ಕೇಳುವ ಹಾಗೆ ಅಂದಳು: "ಮಗಳ ಆಯಸ್ಸನ್ನೂ ತಿಂದು ಗುಂಡುಕಲ್ಲಿನ ಹಾಗೆ ಕೂತಿದ್ದಾಳೆ ನೋಡು." ಅಜ್ಜಿ ತಲೆ ಎತ್ತಲಿಲ್ಲ. "ಆಯಸ್ಸೇನು ಪಾತ್ರೆಯಲ್ಲಿಟ್ಟ ಊಟಾನಾ, ನಾನು ಎರಡು ಸಲ ಬಡಿಸ್ಕೊಂಡೆ ಅನ್ನೋಕೆ? ಆಮೇಲೆ, ನಾನು ಕೂತಿಲ್ಲಮ್ಮ. ಕಣ್ಣಿದ್ರೆ ನೋಡು, ನಿಂತಿದ್ದೀನಿ." ಆಕೆ ಬಟ್ಟೆಯನ್ನು ಅಲ್ಲೇ ಬಿಟ್ಟು ಓಡಿದಳು. ಆದರೆ ಆ ದಿನ ಅಜ್ಜಿಯ ಕೈಯಲ್ಲಿ ಒಂದು ಶರ್ಟು ಸುಟ್ಟುಹೋಯಿತು. ಅವಳ ಕೈಯಲ್ಲಿ ಬಟ್ಟೆ ಸುಟ್ಟದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಸುಟ್ಟ ಜಾಗದ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ಅತ್ತಳು. ನಾನೂ ಅತ್ತೆ.

ಇನ್ನು ಅವಳು ಬಿದ್ದ ಕಥೆ. ವಯಸ್ಸಾಗಿ ಬಿದ್ದಳು ಎಂದು ಎಲ್ಲರೂ ಹೇಳುತ್ತಾರೆ. ಅವಳು ಬಿದ್ದದ್ದು ಸಿಟ್ಟಿನಿಂದ. ಮಾವ ಬಸ್ಸಿನ ಟಿಕೆಟ್ ತಪಾಸಣೆ ಕೆಲಸದಲ್ಲಿದ್ದು ನಿವೃತ್ತನಾದವನು. ಎಪ್ಪತ್ತನಾಲ್ಕು ವರ್ಷ, ಎರಡೂ ಮಂಡಿ ನೋವು. ತನಗೆ ನಿಲ್ಲಲಾಗುವುದಿಲ್ಲ ಎಂದಮೇಲೆ ಅಮ್ಮನಿಗೂ ಆಗಬಾರದು ಎಂದು ಅವನ ನಂಬಿಕೆ. ಒಂದು ಸೋಮವಾರ ಎತ್ತರದ ಸ್ಟೂಲೊಂದನ್ನು ತಂದು ಮೇಜಿನ ಹಿಂದೆ ಇಟ್ಟ.

"ಕೂತ್ಕೊಂಡೇ ಮಾಡಮ್ಮ. ನೋಡು, ಮೆತ್ತೆ ಬೇರೆ ಇದೆ."

"ನೀನು ಕೂತ್ಕೋ. ಮಂಡಿ ನೋವು ನಿನಗೆ."

ಮಾವ ಹೋದ. ಸ್ಟೂಲು ಉಳಿಯಿತು. ಅಜ್ಜಿ ಅದನ್ನು ಎರಡು ಸಲ ಸೊಂಟದಿಂದ ತಳ್ಳಿದಳು, ಮೂರನೆಯ ಸಲ ಒದ್ದಳು. ಸ್ಟೂಲು ಅಲ್ಲಾಡಲಿಲ್ಲ, ಅವಳು ಬಿದ್ದಳು. ನಾನು ಓಡಿ ಬಂದಾಗ ನೆಲದ ಮೇಲೆ ಮಲಗಿಕೊಂಡೇ, "ಮೊದಲು ಪೆಟ್ಟಿಗೆ ಎತ್ತಿಡು, ಶರ್ಟು ಕರಿದಾಗುತ್ತೆ" ಅಂದಳು. ಎಡಗಾಲು ಬೇರೆ ಯಾರದೋ ಎಂಬಂತೆ ಹೊರಕ್ಕೆ ತಿರುಗಿತ್ತು.

ತೊಡೆಯ ಮೂಳೆ ಸೊಂಟಕ್ಕೆ ಸೇರುವಲ್ಲಿ ಮುರಿದಿತ್ತು. ಆಸ್ಪತ್ರೆಯ ಮೂಳೆ ಡಾಕ್ಟರು ಮಾವನನ್ನೂ ನನ್ನನ್ನೂ ಹೊರಗಿನ ಓಣಿಗೆ ಕರೆದು ನಿಧಾನವಾಗಿ ಹೇಳಿದರು. ಆಪರೇಷನ್ ಮಾಡಿ ಕೀಲು ಕೂರಿಸಬಹುದು, ಮಾಡಿದರೆ ಮತ್ತೆ ನಿಲ್ಲಬಹುದು. ಆದರೆ ವಯಸ್ಸು ತೊಂಬತ್ತೇಳು, ಅರಿವಳಿಕೆ ತಡೆಯದೆ ಹೋಗಬಹುದು. ಮಾಡದಿದ್ದರೆ ನೋವಿಗೆ ಔಷಧ ಕೊಟ್ಟು ಮನೆಗೆ ಕಳಿಸುತ್ತಾರೆ, ಹಾಸಿಗೆಯಲ್ಲೇ ಇರಬೇಕು. "ಮಾಡೋದಾದ್ರೆ ತಡ ಮಾಡಬಾರದು. ಬುಧವಾರದೊಳಗೆ ಹೇಳಿ."

ಮಾವ ಬುಧವಾರದವರೆಗೆ ಕಾಯಲಿಲ್ಲ. "ಬೇಡ ಡಾಕ್ಟ್ರೇ. ಈ ವಯಸ್ಸಲ್ಲಿ ಕೊಯ್ಯೋದು ಬೇಡ. ಎಷ್ಟು ದಿನ ಇರ್ತಾಳೋ ಆರಾಮಾಗಿರಲಿ."

"ಹಾಸಿಗೆ ಅವಳಿಗೆ ಆರಾಮ ಅಂತ ಯಾರು ಹೇಳಿದ್ರು ಮಾವ?" ಎಂದೆ.

"ನೀನು ಸುಮ್ಮನಿರು. ನಿನ್ನ ಅಮ್ಮನ ವಿಷಯದಲ್ಲಿ ಹೂಂ ಅಂದೋನು ನಾನು. ಇನ್ನೊಂದು ಸಲ ಆಗಲ್ಲ ನನ್ನ ಕೈಲಿ."

 ಅಮ್ಮನ ಆಪರೇಷನ್ನಿಗೆ ಒಪ್ಪಿಗೆ ಕೊಟ್ಟವನು ಅವನೇ. ಅದನ್ನು ಎಂಟು ವರ್ಷದಿಂದ ಒಳಗೇ ಇಟ್ಟುಕೊಂಡು ನಡೆಯುತ್ತಿದ್ದಾನೆಂದು ನನಗೆ ಆವತ್ತೇ ತಿಳಿದದ್ದು. ಅಜ್ಜಿಗೆ "ಮೂಳೆ ತಾನಾಗೇ ಕೂಡುತ್ತೆ, ವಿಶ್ರಾಂತಿ ಬೇಕು ಅಷ್ಟೆ" ಎಂದು ಹೇಳುವುದೆಂದು ಮನೆಯವರೆಲ್ಲ ಮಾತಾಡಿಕೊಂಡರು.

ಈಗ ಲಾಂಡ್ರಿಯವರಿಗಷ್ಟೇ ತಿಳಿಯುವ ಒಂದು ವಿಷಯ ಹೇಳಬೇಕು. ಅಂಗಡಿಗೆ ಬರುವ ಬಟ್ಟೆ ನೋಡಿದರೆ ಬೀದಿಯ ಸುದ್ದಿಯೆಲ್ಲ ಗೊತ್ತಾಗುತ್ತದೆ. ಒಂದೇ ಬಿಳಿ ಶರ್ಟು ತುರ್ತಾಗಿ ಬಂದರೆ ಆ ಮನೆಯ ಹುಡುಗನಿಗೆ ಎಲ್ಲೋ ಕೆಲಸಕ್ಕೆ ಕರೆದಿದ್ದಾರೆ. ತೊಟ್ಟಿಲ ಬಟ್ಟೆ ಬಂದರೆ ಗೊತ್ತೇ ಇದೆ. ಬೀರುವಿನ ತಳದ ಒಳ್ಳೆಯ ಬಟ್ಟೆಗಳು ಮನೆಮಂದಿಯದೆಲ್ಲ ಒಟ್ಟಿಗೆ ಬಂದರೆ ಒಂದೋ ಮದುವೆ, ಇಲ್ಲವೋ ಆ ಮನೆಯಲ್ಲಿ ಯಾರೋ ಹಾಸಿಗೆ ಹಿಡಿದಿದ್ದಾರೆ. ಆಗ ನಾವು ಏನೂ ಕೇಳುವುದಿಲ್ಲ, ಅಚ್ಚುಕಟ್ಟಾಗಿ ಮಡಿಸಿ ಕೊಡುತ್ತೇವೆ. ದಿನವೂ ಅಂಗಡಿ ಮುಚ್ಚಿದ ಮೇಲೆ ಅವತ್ತು ಯಾರ ಮನೆಯಿಂದ ಏನು ಬಂತೆಂದು ಇಬ್ಬರೂ ಮಾತಾಡಿಕೊಳ್ಳುವುದು ನಮ್ಮ ರೂಢಿ. ಟೀವಿಗಿಂತ ರುಚಿ.

ಮಂಗಳವಾರ ಬೆಳಿಗ್ಗೆ ಅತ್ತೆ ಒಂದು ಚೀಲ ಇಟ್ಟು ಹೋದಳು. ಮಾವನ ಕಪ್ಪು ಕೋಟು, ಅತ್ತೆಯದೇ ಒಂದು ಒಳ್ಳೆಯ ಉಡುಪು. ಕೋಟಿನಿಂದ ನುಸಿಗುಳಿಗೆಯ ವಾಸನೆ ಬರುತ್ತಿತ್ತು. ಮಧ್ಯಾಹ್ನ ಮಾವನ ಮಗನ ಮನೆಯಿಂದ ಬಿಳಿ ಶರ್ಟು, ಕಪ್ಪು ಪ್ಯಾಂಟು. ಕೈ ಅದರಷ್ಟಕ್ಕೆ ಕೆಲಸ ಮಾಡುತ್ತಿತ್ತು. ಪ್ಯಾಂಟಿನ ಗೆರೆ ಕೂರಿಸುವಾಗ ತಟ್ಟನೆ ಹೊಳೆಯಿತು: ನಮ್ಮ ಮನೆಯಲ್ಲಿ ಯಾವ ಮದುವೆಯೂ ಇಲ್ಲ. ಆ ಕೋಟನ್ನು ಮಾವ ಕೊನೆಯ ಸಲ ಹಾಕಿದ್ದು ನನ್ನ ಅಮ್ಮನನ್ನು ಮಣ್ಣು ಮಾಡಿದ ದಿನ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎನ್ನುತ್ತಾರಲ್ಲ, ನಮ್ಮವರು ಅದರ ಇನ್ನೊಂದು ತುದಿ ಹಿಡಿದಿದ್ದರು. ಅದೂ ತರಬೇಕೆಂದರೆ ಊರಲ್ಲಿ ಬೇರೆ ಲಾಂಡ್ರಿ ಇರಲಿಲ್ಲವೇ? ಯಾರ ಸಾವಿಗೆ ತಯಾರಿಯೋ ಅವಳ ಮೇಜಿನ ಮೇಲೇ ತಂದು ಹರಡಿದ್ದರು. ಪಾಪ, ಮೊದಲಿನಿಂದಲೂ ಆ ಮನೆಯ ಬಟ್ಟೆ ಬೇರೆಲ್ಲೂ ಹೋಗಿಲ್ಲ, ಅಭ್ಯಾಸಬಲ.

ಸಂಜೆ ಆಸ್ಪತ್ರೆಗೆ ಹೋದೆ. ಅಜ್ಜಿ ಮೇಲ್ಛಾವಣಿ ನೋಡುತ್ತ ಮಲಗಿದ್ದಳು. ಕಣ್ಣು ಚುರುಕಾಗಿತ್ತು, ತುಟಿ ಒಣಗಿತ್ತು.

"ಏನೇನು ಬಂತೇ ಇವತ್ತು?"

ಬ್ಯಾಂಕಿನವರ ಶರ್ಟು, ಮೇಷ್ಟರ ಪರದೆ, ದಪ್ಪಗಿನ ದರ್ಜಿಯ ಹೊದಿಕೆ ಎಂದೆ.

"ಅಷ್ಟೇನಾ? ಮಂಗಳವಾರ ಇಷ್ಟು ಕಡಿಮೆ ಬರಲ್ಲ. ನನ್ನ ಹತ್ರ ಏನೋ ಬಚ್ಚಿಡ್ತಿದ್ದೀಯ."

ನನಗೆ ಸುಳ್ಳು ಬರುವುದಿಲ್ಲವೆಂದಲ್ಲ, ಅವಳ ಮುಂದೆ ಬರುವುದಿಲ್ಲ. "ಮಾವನ ಕೋಟು ಬಂತು" ಎಂದೆ. "ಅತ್ತೆಯದು, ಅವರ ಮಗನದು ಕೂಡ."

ಅವಳು ಕಣ್ಣು ಮುಚ್ಚಿದಳು. ಪಕ್ಕದ ಹಾಸಿಗೆಗೆ ಮಾತ್ರೆ ಗಾಡಿ ಬಂದು ಹೋಯಿತು. ಆಮೇಲೆ, "ಕೋಟಿನ ಮೇಲೆ ಒದ್ದೆ ಬಟ್ಟೆ ಹಾಸಿ ಒತ್ತಿದ್ಯಾ?"

"ಹೂಂ."

"ಒಳ್ಳೇದು. ಸುಮ್ಮನೆ ಒತ್ತಿದ್ರೆ ಮಿಂಚು ಬಂದು ಹಾಳಾಗುತ್ತೆ." ಕಣ್ಣು ತೆರೆದಳು. "ಈಗ ಹೇಳು. ಡಾಕ್ಟ್ರು ಏನಂದ್ರು, ಇವನೇನಂದ?"

ಎಲ್ಲ ಹೇಳಿದೆ. ಅವಳು ಸಿಟ್ಟಿನಿಂದ ಕಿರುಚಬಹುದೆಂದುಕೊಂಡಿದ್ದೆ. ಕಿರುಚಲಿಲ್ಲ. "ಕಾಲು ನಂದು, ಸೊಂಟ ನಂದು, ಸಾವು ನಂದು. ನನ್ನ ಒಂದು ಮಾತು ಕೇಳಿದ್ರಾ?" ಎಂದಳು.  "ನಾಳೆ ಅವನಿಗೆ ಆ ಕೋಟು ಹಾಕ್ಕೊಂಡೇ ಬರೋಕೆ ಹೇಳು. ನನ್ನ ಸಾವಿಗೆ ಹೇಗೆ ಕಾಣ್ತಾನೋ ನಾನೂ ನೋಡಬೇಕಲ್ಲ. ಡಾಕ್ಟ್ರಿಗೂ ಬರೋಕೆ ಹೇಳು."

ಬುಧವಾರ ಮಾವ ಬಂದ. ಕೋಟು ಹಾಕಿರಲಿಲ್ಲ, ಮುಖ ಮಾತ್ರ ಕೆಂಪಗಿತ್ತು. ಹಿಂದೆಯೇ ಬಂದ ಅತ್ತೆ, "ಸುಮ್ಮನೆ ಬೀರು ಖಾಲಿ ಮಾಡ್ತಿದ್ವಿ ಅತ್ತೆ, ಅದಕ್ಕೇ" ಎಂದು ಶುರು ಮಾಡಿದಳು.

"ಬೀರು ಖಾಲಿ ಮಾಡ್ತಿದ್ರೋ ನನ್ನ ಖಾಲಿ ಮಾಡ್ತಿದ್ರೋ?" ಎಂದಳು ಅಜ್ಜಿ. ಅತ್ತೆ ಕಿಟಕಿಯ ಕಡೆ ತಿರುಗಿಕೊಂಡಳು.

ಡಾಕ್ಟರು ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಅಜ್ಜಿ ಅವರನ್ನು ನೇರವಾಗಿ ಕೇಳಿದಳು: "ಡಾಕ್ಟ್ರೇ, ಈ ಮುರಿದ ಕಾಲಿನ ಮಾತು ಬಿಡಿ. ನನ್ನ ವಯಸ್ಸಿನೋರು ಸಾಮಾನ್ಯವಾಗಿ ಇನ್ನೆಷ್ಟು ದಿನ ಇರ್ತಾರೆ? ಸಮಾಧಾನದ ಮಾತು ಬೇಡ."

"ತೊಂಬತ್ತೇಳರವರೆಗೆ ಬಂದೋರು ಸರಾಸರಿ ಇನ್ನೊಂದು ಎರಡು ವರ್ಷ, ಎರಡೂವರೆ ವರ್ಷ ಇರ್ತಾರೆ ಅಜ್ಜಿ. ಕೆಲವರು ಒಂದು ವರ್ಷದೊಳಗೇ ಹೋಗ್ತಾರೆ. ಕೆಲವರು ನೂರು ದಾಟ್ತಾರೆ."

"ಏನು, ಇನ್ನೂ ಎರಡು ವರ್ಷ?" ಎಂದ ಮಾವ. ಅವನ ಬಾಯಿ ತೆರೆದೇ ಇತ್ತು. "ಪೇಪರ್‌ನಲ್ಲಿ ಜನರ ಆಯಸ್ಸು ಎಪ್ಪತ್ತು ಚಿಲ್ಲರೆ ಅಂತ ಬರೀತಾರಲ್ಲ ಡಾಕ್ಟ್ರೇ."

"ಅದು ಇವತ್ತು ಹುಟ್ಟೋ ಮಗುವಿನ ಲೆಕ್ಕ. ಚಿಕ್ಕಂದಿನಲ್ಲಿ ಹೋಗೋರು, ನಡುವಯಸ್ಸಲ್ಲಿ ಹೋಗೋರು ಎಲ್ಲ ಅದರಲ್ಲಿ ಬರ್ತಾರೆ. ಇವರು ಅವನ್ನೆಲ್ಲ ದಾಟಿ ಬಂದೋರು. ಎಷ್ಟೇ ವಯಸ್ಸಾಗಲಿ, ಮುಂದೆ ಏನೂ ಉಳಿದಿಲ್ಲ ಅನ್ನೋ ವಯಸ್ಸು ಅಂತ ಒಂದಿಲ್ಲ."

ನಾವೆಲ್ಲ ಪೆಚ್ಚಾದೆವು. ಅವಳ ಆಯಸ್ಸು ಎಂದೋ ಮುಗಿದಿದೆ, ಈಗ ನಡೆಯುತ್ತಿರುವುದು ಊಟವಾದ ಮೇಲೆ ಏಳದೆ ಆಡುವ ಮಾತು, ಎಂದೇ ನಾನೂ ತಿಳಿದಿದ್ದೆ. ಬೀದಿಯವರನ್ನು ಬೈಯುತ್ತಿದ್ದ ನಾನೂ.

"ಸರಿ. ಈಗ ಕಾಲಿನ ಮಾತು. ಹೀಗೇ ಮಲಗಿದ್ರೆ?"

ಡಾಕ್ಟರು ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು. "ಮಲಗಿದ್ರೆ ಎದೆಯಲ್ಲಿ ಕಫ ಕಟ್ಟುತ್ತೆ, ಬೆನ್ನು ಹುಣ್ಣಾಗುತ್ತೆ. ಬಹಳ ಜನ ಕೆಲವೇ ತಿಂಗಳು. ಆಪರೇಷನ್ ಮಾಡಿದ್ರೂ ಅಪಾಯ ಇದೆ, ಮೇಜಿನ ಮೇಲೇ ಏನಾದರೂ ಆಗಬಹುದು. ಅದನ್ನ ನಾನು ಮುಚ್ಚಿಡಲ್ಲ. ಆದ್ರೆ ನಿಮ್ಮ ಎದೆ, ರಕ್ತ ಎಲ್ಲ ನೋಡಿದ್ದೀನಿ. ತಡೆದುಕೊಳ್ಳೋ ಸಾಧ್ಯತೆಯೇ ಹೆಚ್ಚು."

"ಹಾಗಾದ್ರೆ ಮಾಡಿ."

"ಬೇಡಮ್ಮ!" ಮಾವ ಹಾಸಿಗೆಯ ಕಂಬಿ ಹಿಡಿದುಕೊಂಡ. "ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ, ಇಂಥ ವಯಸ್ಸಲ್ಲಿ ನಿನಗೆ ಇದೆಲ್ಲ ಯಾಕೆ?"

"ಕಾಡು ಕರೆದ್ರೆ ಕರೀಲಿ, ನನಗೆ ಬಿಡುವಿಲ್ಲ. ಊರು ಹೋಗು ಅಂತ ಎಲ್ಲಿ ಅಂದಿದೆ? ನಿನ್ನೆ ಬ್ಯಾಂಕಿನೋರು ಶರ್ಟು ಕೊಟ್ಟು ಹೋಗಿದ್ದಾರೆ. ಹೋಗು ಅಂದಿದ್ದು ನೀನು."

ಮಾವನ ಮುಖ ಮುದುಡಿತು. ಎಪ್ಪತ್ತನಾಲ್ಕರ ಮನುಷ್ಯ, ನೆರೆತ ಮೀಸೆ, ಎಲ್ಲರೆದುರು ಬಿಕ್ಕಿ ಬಿಕ್ಕಿ ಅತ್ತ. "ತಂಗಿಗೆ ಹೂಂ ಅಂದೆ, ಹೋದ್ಲು. ನಿನಗೂ ಹೂಂ ಅಂದು ನೀನೂ ಹೋದ್ರೆ ನಾನೇನು ಮಾಡ್ಲಿ? ಇಬ್ಬರನ್ನೂ ನಾನೇ ಕಳಿಸಿದ ಹಾಗಾಗುತ್ತೆ."

ಅಜ್ಜಿ ಕೈ ಚಾಚಿ ಅವನ ತೋಳು ಹಿಡಿದಳು. ಸಿಟ್ಟು ಇಳಿದಿತ್ತು, ಪಟ್ಟು ಇಳಿದಿರಲಿಲ್ಲ.

"ಕೇಳಿಲ್ಲಿ. ಆಪರೇಷನ್ನಿನ ಹಿಂದಿನ ದಿನ ನಿನ್ನ ತಂಗಿ ನನ್ನ ಕೇಳಿದ್ಲು, 'ಮಾಡಿಸ್ಕೊಳ್ಲಾ ಅಮ್ಮ?' ಅಂತ. ಮಾಡಿಸ್ಕೋ ಅಂದೆ. ನೋವು ತಿಂದು ತಿಂದು ಅವಳಿಗೇ ಸಾಕಾಗಿತ್ತು, ಬದುಕಬೇಕು ಅಂತ ಆಸೆ ಇತ್ತು. ಆಸೆಪಟ್ಟು ಹೋದ್ಲು ಕಣೋ, ನೀನು ಕಳಿಸಿದ್ದಕ್ಕೆ ಹೋಗಲಿಲ್ಲ. ತಪ್ಪು ಅನ್ನೋದೇ ಇದ್ರೆ ಸಾಲಿನಲ್ಲಿ ನಾನು ನಿನಗಿಂತ ಮುಂದೆ ನಿಂತಿದ್ದೀನಿ. ನಾನೇ ಅದನ್ನ ಹೊತ್ಕೊಂಡು ತಿರುಗ್ತಿಲ್ಲ, ನೀನ್ಯಾಕೆ ಹೊತ್ಕೊಂಡಿದ್ದೀಯ?"

ಈ ಮಾತು ನನಗೂ ಹೊಸದು. ಅಮ್ಮ ಹೆದರಿಕೊಂಡೇ ಹೋದಳೆಂದು ತಿಳಿದಿದ್ದೆ. ಆಸೆಪಟ್ಟು ಹೋದಳೆಂದು ಕೇಳಿ ಎದೆ ಹಗುರಾಯಿತೋ ಭಾರವಾಯಿತೋ, ಇವತ್ತಿಗೂ ಹೇಳಲಾರೆ.

"ಈ ಸಲ ಹೂಂ ಅನ್ನೋಳು ನಾನು. ನೀನು ಏನೂ ಅನ್ನಬೇಕಾಗಿಲ್ಲ" ಎಂದು ಅಜ್ಜಿ ಡಾಕ್ಟರ ಕಡೆ ತಿರುಗಿದಳು. "ನಾನು ಅಂದ್ರೆ ನಡೆಯುತ್ತಾ ಡಾಕ್ಟ್ರೇ, ಅಥವಾ ನನಗಿನ್ನೂ ವಯಸ್ಸು ಸಾಲದಾ?"

ಡಾಕ್ಟರು ನಕ್ಕರು. "ನಡೆಯುತ್ತೆ ಅಜ್ಜಿ. ಮೊದಲೇ ನಿಮ್ಮನ್ನ ಕೇಳಬೇಕಿತ್ತು."

ಗುರುವಾರ ಬೆಳಿಗ್ಗೆ ಅವಳನ್ನು ಒಳಗೆ ಕರೆದುಕೊಂಡು ಹೋದರು. ಹೋಗುವಾಗ ತನ್ನ ಮೇಲೆ ಹೊದಿಸಿದ್ದ ಹಸಿರು ಬಟ್ಟೆಯನ್ನು ಬೆರಳಿನಿಂದ ಮುಟ್ಟಿ ನೋಡಿ, "ಇಸ್ತ್ರಿ ಅನ್ನೋದು ಕಂಡೇ ಇಲ್ಲ ಇದು" ಎಂದು ನರ್ಸಮ್ಮನಿಗೆ ಹೇಳಿದಳು. ಬಾಗಿಲು ಮುಚ್ಚಿತು. ಮಾವ, ಅತ್ತೆ, ನಾನು ಬೆಂಚಿನ ಮೇಲೆ ಕೂತೆವು.  ಅತ್ತೆ ಒಮ್ಮೆ ನನ್ನ ಕೈಮೇಲೆ ಕೈ ಇಟ್ಟು, "ಆ ಬಟ್ಟೆ ತರಬಾರದಿತ್ತು" ಅಂದಳು. ಹೌದು ತರಬಾರದಿತ್ತು ಎಂದೆ. ಅಷ್ಟರಮಟ್ಟಿಗೆ ನಾವು ರಾಜಿಯಾದೆವು. ಡಾಕ್ಟರು ಹೊರಗೆ ಬಂದು ಮುಖದ ಪಟ್ಟಿ ಕೆಳಗಿಳಿಸಿದಾಗ ಅವರು ಬಾಯಿ ಬಿಡುವ ಮುಂಚೆಯೇ ಮಾವ ಎದ್ದು ನಿಂತಿದ್ದ. ಅಜ್ಜಿ ತಡೆದುಕೊಂಡಿದ್ದಳು.

ಮಾರನೆಯ ದಿನವೇ ನಿಲ್ಲಿಸಬೇಕು ಎಂದರು. ವ್ಯಾಯಾಮ ಹೇಳಿಕೊಡುವಾಕೆ ಗಟ್ಟಿಮುಟ್ಟಾದ ಹೆಂಗಸು, ನಾಲ್ಕು ಕಾಲಿನ ಊರುಗೋಲು ತಂದು ಹಾಸಿಗೆಯ ಮುಂದಿಟ್ಟಳು. ಆಕೆಯೂ ನಾನೂ ಎರಡು ಕಡೆ ಹಿಡಿದು ಅಜ್ಜಿಯನ್ನು ಎಬ್ಬಿಸಿದೆವು. ನೋವಿಗೆ ಅವಳ ಮುಖ ಬಿಳಿಚಿಕೊಂಡಿತು. ಆಗ ಬೈದಳು ನೋಡಿ, ಅಂಥ ಬೈಗುಳ ಅವಳ ಬಾಯಲ್ಲಿ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ಪಕ್ಕದ ಹಾಸಿಗೆಯವರು ದಿಂಬಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಪಾದ ನೆಲಕ್ಕೆ ತಾಗಿತು. ಮೊಣಕಾಲು ನಡುಗಿತು, ಸೊಂಟ ನಡುಗಿತು, ಊರುಗೋಲೂ ಗಡಗಡ ಅಂದಿತು.

"ಇವತ್ತಿಗೆ ಇಷ್ಟು ಸಾಕು ಅಜ್ಜಿ, ಕೂತ್ಕೊಳ್ಳಿ" ಎಂದಳು ಆಕೆ.

"ಇನ್ನೂ ನಿಂತೇ ಇಲ್ಲವಲ್ಲಮ್ಮ. ಹಿಡ್ಕೊಂಡಿದ್ದೀರಿ."

ಆಕೆ ನನ್ನ ಕಡೆ ನೋಡಿದಳು. ನಾನು ಮೆಲ್ಲಗೆ ಕೈ ಬಿಟ್ಟೆ, ಆಕೆಯೂ ಒಂದು ಅಂಗುಲ ಆಚೆ ಸರಿದಳು. ಮಾವ ಮಾತ್ರ ಅಜ್ಜಿಯ ಹಿಂದೆ ಎರಡೂ ಕೈ ಚಾಚಿ, ಮಂಡಿ ನೋವನ್ನೂ ಮರೆತು ಅರ್ಧ ಬಗ್ಗಿ, ಈಗ ಬಿದ್ದಳು ಆಗ ಬಿದ್ದಳು ಎಂದು ಉಸಿರು ಬಿಗಿಹಿಡಿದು ನಿಂತಿದ್ದ. ಅಜ್ಜಿಗೆ ಬೆನ್ನಿಗೂ ಕಣ್ಣಿದೆ.

"ಕೈ ತೆಗಿಯೋ."

"ಬೀಳ್ತೀಯಮ್ಮ."

"ನೀನು ನಡೆಯೋಕೆ ಕಲಿಯೋವಾಗ ನಾನೂ ನಿನ್ನ ಹಿಂದೆ ಹೀಗೇ ಕೈ ಚಾಚಿ ನಿಂತಿದ್ದೆ. ಬೀಳ್ತೀಯ ಅಂತ ನನಗೂ ಗೊತ್ತಿತ್ತು. ಆದ್ರೂ ಒಂದು ದಿನ ತೆಗೆದೆ."

ಮಾವ ಕೈಗಳನ್ನು ಹಿಂದಕ್ಕೆ ತೆಗೆದುಕೊಂಡ. ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ಹಾಕಿಕೊಂಡ. ಅಜ್ಜಿ ನಿಂತೇ ಇದ್ದಳು.